ಕಾಲುವೆ ನೀರು, ಕೇರಿಯ ಲೆಕ್ಕ: ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯಕ್ಕೆ ಬಂದದ್ದು

ಮಂಡ್ಯದ ಚರಿತ್ರೆ ಎಂದರೆ ಕಾಲುವೆಯ ಚರಿತ್ರೆ. ಹಾಗಂತ ನಮಗೆ ಪ್ರೈಮರಿ ಸ್ಕೂಲಿನಿಂದ ಹೇಳಿಕೊಟ್ಟಿದ್ದಾರೆ. ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಮಹಾರಾಜರ ಫೋಟೋ, ಪೇಟ ಸುತ್ತಿದ ವಿಶ್ವೇಶ್ವರಯ್ಯನವರ ಫೋಟೋ, ಹೊಗೆ ಬಿಡುವ ಸಕ್ಕರೆ ಕಾರ್ಖಾನೆಯ ಚಿಮಣಿ. ಈ ಮೂರು ಪಟ ಗೋಡೆಗೆ ಹೊಡೆದರೆ ಜಿಲ್ಲೆಯ ಕಥೆ ಮುಗಿಯಿತು. ನೀರು ಬಂತು, ಭೂಮಿ ಬಂಗಾರವಾಯಿತು, ಎಲ್ಲರೂ ಉದ್ಧಾರವಾದರು. ಈ ‘ಎಲ್ಲರೂ’ ಅನ್ನುವ ಮಾತಿನೊಳಗೆ ಕೇರಿ ಇತ್ತೋ ಇಲ್ಲವೋ ಎಂದು ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರೇನೋ.

ಆದರೆ ಒಬ್ಬಳು ಹೆಂಗಸು ಕೇಳಿದಳು. ಮಂಡ್ಯದವಳಲ್ಲ, ಇಂಡಿಯಾದವಳೂ ಅಲ್ಲ. ಹುಟ್ಟಿದ ಊರಿನಿಂದಲೇ ಓಡಿಸಲ್ಪಟ್ಟವಳು. ಹೆಸರು ಟ್ರೂಡ್ ಸ್ಕಾರ್ಲೆಟ್ ಎಪ್‌ಸ್ಟೈನ್. ಸ್ಕಾರ್ಲೆಟ್ ಅಂದರೆ ಕಡುಗೆಂಪು. ನಮ್ಮ ಕಡೆ ಹುಟ್ಟಿದ್ದರೆ ಕೆಂಪಮ್ಮ ಅಂತ ಕರೆಯುತ್ತಿದ್ದೆವು.

ಆಕೆ ಹುಟ್ಟಿದ್ದು 1922ರಲ್ಲಿ, ವಿಯೆನ್ನಾ ನಗರದಲ್ಲಿ, ಯಹೂದಿಗಳ ಮನೆಯಲ್ಲಿ. 1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು. ಅಂದಿನಿಂದ ವಿಯೆನ್ನಾದ ಬೀದಿಗಳಲ್ಲಿ ಯಹೂದಿ ಗಂಡಸರು ಹೆಂಗಸರನ್ನು ಮನೆಯಿಂದ ಎಳೆದು ತಂದು, ಮಂಡಿಯೂರಿಸಿ, ಬ್ರಷ್ಷಿನಲ್ಲಿ ರಸ್ತೆ ತಿಕ್ಕಿಸಿದರು. ಸುತ್ತ ನಿಂತ ನೆರೆಹೊರೆಯವರು ನಕ್ಕರು. ಆ ಫೋಟೋಗಳು ಇವತ್ತಿಗೂ ಇವೆ. ನೋಡಿದರೆ ನಮಗೆ ಹೊಸದು ಅನ್ನಿಸುವುದಿಲ್ಲ. ಅವರಿಗೆ ಅದು ಒಂದು ಬೆಳಗಾಗುವುದರೊಳಗೆ ಬಂದೆರಗಿದ್ದು. ನಮಗೆ ಹುಟ್ಟಿನಿಂದ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಅರವತ್ತು ಲಕ್ಷ ಜನರನ್ನು ಕೊಂದ ಕ್ರೌರ್ಯಕ್ಕೆ ಅದರದೇ ಹೆಸರಿದೆ. ಆದರೆ ಮೈಲಿಗೆ ಅನ್ನುವ ಮಾತನ್ನು ಮೈಮೇಲೆ ಹೊತ್ತವರ ಕಣ್ಣು ಬೇರೆ ಥರ ನೋಡುತ್ತದೆ ಎಂದು ನಾವು ನಂಬುತ್ತೇವೆ.

ಅದೇ 1938ರ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯುತ್ತಿತ್ತು. ಬಾವುಟ ಹಾರಿಸಬೇಡಿ ಎಂದ ಸರ್ಕಾರ, ಹಾರಿಸಿಯೇ ತೀರುತ್ತೇವೆ ಎಂದ ಕಾಂಗ್ರೆಸ್ಸು. ಒಂದು ಕಡೆ ಮದ್ದೂರಿನ ರೈತರು ತಮಗೊಂದು ದೇಶ ಬೇಕು ಎನ್ನುತ್ತಿದ್ದಾಗ ಇನ್ನೊಂದು ಕಡೆ ಹದಿನಾರು ವರ್ಷಕ್ಕೆ ಇನ್ನೂ ಕಾಲಿಡದ ಹುಡುಗಿಯೊಬ್ಬಳು ತನ್ನ ದೇಶವನ್ನು ಕಳೆದುಕೊಂಡು ಯುಗೋಸ್ಲಾವಿಯಾ, ಅಲ್ಬೇನಿಯಾ ಸುತ್ತಿ ಇಂಗ್ಲೆಂಡಿಗೆ ಹೊರಡುವುದರಲ್ಲಿದ್ದಳು. ಮುಂದೊಂದು ದಿನ ಈ ಹುಡುಗಿ ಮದ್ದೂರಿನ ಪಕ್ಕದ ತಾಲ್ಲೂಕಿಗೇ ಬಂದು ಕೂರುತ್ತಾಳೆಂದು ಯಾರಿಗೆ ಗೊತ್ತಿತ್ತು!

1939ರಲ್ಲಿ ಇಂಗ್ಲೆಂಡು ಸೇರಿದ ಮೇಲೆ ಮ್ಯಾಂಚೆಸ್ಟರಿನಲ್ಲಿ ಬಟ್ಟೆ ಕಾರ್ಖಾನೆಯ ಹೊಲಿಗೆ ಕೆಲಸ. ದುಡಿಯುತ್ತಲೇ ಓದಿದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಆಗ ಮಾನವಶಾಸ್ತ್ರಕ್ಕೆ ಮ್ಯಾಕ್ಸ್ ಗ್ಲಕ್‌ಮನ್ ಇದ್ದರು, ಅರ್ಥಶಾಸ್ತ್ರಕ್ಕೆ ಆರ್ಥರ್ ಲೂಯಿಸ್ ಇದ್ದರು. ಈ ಲೂಯಿಸ್ ವೆಸ್ಟ್ ಇಂಡೀಸಿನ ಕರಿಯ ವಿದ್ವಾಂಸರು, 1979ರಲ್ಲಿ ನೊಬೆಲ್ ಪಡೆದವರು. ಬಡ ದೇಶ ಯಾಕೆ ಬಡ ದೇಶವಾಗಿದೆ ಅನ್ನುವುದು ಅವರ ಪ್ರಶ್ನೆ. ಮನುಷ್ಯರು ಜಗಳವಾಡಿಕೊಂಡೇ ಹೇಗೆ ಒಟ್ಟಿಗಿರುತ್ತಾರೆ ಅನ್ನುವುದು ಗ್ಲಕ್‌ಮನ್ನರ ಪ್ರಶ್ನೆ. ಈ ಎರಡು ಪ್ರಶ್ನೆಗಳನ್ನೂ ಗಂಟು ಕಟ್ಟಿಕೊಂಡು ಆಕೆ 1954ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಎಂ. ಎನ್. ಶ್ರೀನಿವಾಸರು 1948ರಲ್ಲೇ ರಾಮಪುರದಲ್ಲಿ ಕೂತು ಹಳ್ಳಿಯನ್ನು ಹೇಗೆ ಬರೆಯಬಹುದು ಎಂದು ತೋರಿಸಿದ್ದರು. ಎಪ್‌ಸ್ಟೈನ್ ಮಾತ್ರ ಒಂದು ಹಳ್ಳಿ ಹಿಡಿಯಲಿಲ್ಲ, ಎರಡು ಹಿಡಿದರು. ಎರಡೂ ಮಂಡ್ಯದ ಆಸುಪಾಸಿನವು. ನಿಜವಾದ ಹೆಸರು ಮುಚ್ಚಿಟ್ಟು ಒಂದಕ್ಕೆ ವಂಗಲ ಅಂತ, ಇನ್ನೊಂದಕ್ಕೆ ದಲೇನ ಅಂತ ಹೆಸರಿಟ್ಟರು. ಒಂದಕ್ಕೆ ಕಾಲುವೆ ನೀರು ಹತ್ತಿತ್ತು. ಇನ್ನೊಂದು ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ. ಸುತ್ತೆಲ್ಲ ಗದ್ದೆ ಹಸುರಾಗುತ್ತಿದ್ದರೆ ಅದು ಹೊಲದ ಊರಾಗಿಯೇ ಉಳಿಯಿತು.

ಕಾಲುವೆಯ ವಿಷಯ ಎರಡು ಮಾತು. ಕಟ್ಟೆ ಕೆಲಸ 1911ರಲ್ಲಿ ಶುರುವಾದದ್ದು. ನಾಲೆ ತೆಗೆದದ್ದು ಆಮೇಲೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲಕ್ಕೆ. ವೈಸರಾಯ್ ಇರ್ವಿನ್ ಹೆಸರನ್ನು ಅದಕ್ಕಿಟ್ಟರು, ಸ್ವಾತಂತ್ರ್ಯ ಬಂದ ಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಹುಲಿಕೆರೆಯ ಹತ್ತಿರ ಗುಡ್ಡದ ಹೊಟ್ಟೆ ಕೊರೆದು ಸುರಂಗ ಮಾಡಿ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ತಿರುಗಿಸಿದರು. ಲಕ್ಷಕ್ಕೂ ಮಿಕ್ಕಿದ ಎಕರೆಗೆ ನೀರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ಅದರ ಹಿಂದೆ ನಿಂತವರು ಕೃಷಿ ಇಲಾಖೆಯ ಕೆನಡಾದ ದೊರೆ ಲೆಸ್ಲಿ ಕೋಲ್ಮನ್. 1939ರ ಜುಲೈ 1ಕ್ಕೆ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಹೀಗೆ ನೀರು, ಕಾರ್ಖಾನೆ, ಕಚೇರಿ ಮೂರೂ ಹತ್ತು ವರ್ಷದೊಳಗೆ ಬಂದವು. ಕಲ್ಲಿನ ಫಲಕಗಳ ಮೇಲೆ ದೊರೆಗಳ ಹೆಸರಿವೆ. ಮಂಕರಿ ಹೊತ್ತವರ ಹೆಸರಿಗೆ ಕಲ್ಲು ಸಿಕ್ಕಲಿಲ್ಲ.

ಎಪ್‌ಸ್ಟೈನ್ 1954ರಿಂದ 56ರವರೆಗೆ ಈ ಎರಡು ಊರಲ್ಲಿ ಇದ್ದು ಮನೆಮನೆಯ ಲೆಕ್ಕ ಬರೆದರು. ಯಾರಿಗೆ ಎಷ್ಟು ಜಮೀನು, ಎಷ್ಟು ದನ, ಮದುವೆಗೆ ಎಷ್ಟು ಖರ್ಚು, ಸಾಲ ಯಾರಿಂದ, ಕೂಲಿ ಯಾರಿಗೆ. ಪುಸ್ತಕ ಬಂದದ್ದು 1962ರಲ್ಲಿ: ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಷಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’. ಆಕೆ ಕಂಡದ್ದು ಓದುವವರಿಗೆ ತಿರುಗುಮುರುಗಾಗಿ ಕಾಣುವಂಥದ್ದು. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಾಗೇ ಇರುತ್ತದೆ ಅಂತ ತಾನೇ ನಾವು ಅಂದುಕೊಳ್ಳುವುದು? ಆದದ್ದು ಉಲ್ಟಾ. ವಂಗಲದ ಒಕ್ಕಲಿಗರು ಕಬ್ಬು, ಭತ್ತ ಬೆಳೆದು ಕೈತುಂಬ ಕಾಸು ನೋಡಿದರು, ಆದರೆ ಬದುಕಿನ ಕಟ್ಟು ಹಳೆಯದೇ. ಬೇಸಾಯವೇ ಮೊದಲಿನಿಂದ ಕಸುಬು, ಈಗಲೂ ಬೇಸಾಯವೇ, ಬೇಸಾಯಕ್ಕೆ ಆಳು ಬೇಕು, ಆಳು ಕೇರಿಯಿಂದಲೇ ಬರಬೇಕು. ದಲೇನದ ಒಕ್ಕಲಿಗರಿಗೆ ಊರೊಳಗೆ ದಾರಿ ಕಾಣಲಿಲ್ಲ. ಅವರು ಆಲೆಮನೆ ಗಾಣ ಹಾಕಿದರು, ಮಿಲ್ಲು ಇಟ್ಟರು, ಗಾಡಿ ಹೊಡೆದರು, ಮಂಡ್ಯದಲ್ಲಿ ನೌಕರಿ ಹಿಡಿದರು, ಪಕ್ಕದೂರಲ್ಲಿ ಗದ್ದೆ ಕೊಂಡರು. ಅಲ್ಲಿ ಹಳೆಯ ಕಟ್ಟು ಸಡಿಲವಾಯಿತು.

ಈಗ ಕೇರಿಗೆ ಬನ್ನಿ. ಪುಸ್ತಕದಲ್ಲಿ ನಮ್ಮವರನ್ನು ಎ.ಕೆ. ಅಂತ ಬರೆದಿದ್ದಾರೆ, ಆದಿ ಕರ್ನಾಟಕರು. ನಮ್ಮ ಕಡೆ ಹಳೇಮಗ ಅನ್ನುವ ಮಾತೊಂದಿದೆ, ಹಿರಿಯರಿಗೆಲ್ಲ ಗೊತ್ತು. ಒಬ್ಬ ಒಕ್ಕಲಿಗನ ಮನೆಗೆ ಒಂದು ಹೊಲೆಯರ ಮನೆ, ತಲೆತಲಾಂತರಕ್ಕೂ. ಬಿತ್ತನೆ, ಕಳೆ, ಕೊಯ್ಲು, ಮದುವೆಗೆ ಸೌದೆ, ಸಾವಿಗೆ ಗುಂಡಿ, ದನ ಸತ್ತರೆ ಎಳೆಯುವುದು. ಇದಕ್ಕೆ ಸುಗ್ಗಿಯಲ್ಲಿ ಇಷ್ಟು ರಾಗಿ, ಇಷ್ಟು ಭತ್ತ, ಇಷ್ಟು ಹುಲ್ಲು ಅಂತ ಕಟ್ಟುಪಾಡು. ಮಗ ಅನ್ನುವ ಶಬ್ದವನ್ನು ಅದರೊಳಗೆ ಯಾಕೆ ಸೇರಿಸಿದರೋ. ಮಗ ಅಂತ ಕರೆದು ಹಟ್ಟಿ ಬಾಗಿಲಲ್ಲಿ ನಿಲ್ಲಿಸುವ ಅಪ್ಪನನ್ನು ನಾವು ಇನ್ನೆಲ್ಲೂ ಕಾಣೆವು.

ಎಪ್‌ಸ್ಟೈನ್ ಈ ಕಟ್ಟುಪಾಡನ್ನು ಕುರಿತು ಒಂದು ಲೇಖನವನ್ನೇ ಬರೆದರು, 1967ರಲ್ಲಿ ಅಚ್ಚಾಯಿತು. ಆಕೆಯ ವಾದ ಹೀಗಿದೆ: ಈ ಕಾಳಿನ ಪಾಲು ಬೆಳೆಯ ಮೇಲೆ ನಿಂತದ್ದಲ್ಲ. ಮಳೆ ಬಂದರೂ ಅಷ್ಟೇ, ಬರ ಬಂದರೂ ಅಷ್ಟೇ. ಬರಗಾಲದಲ್ಲಿ ಒಕ್ಕಲಿಗನ ಮನೆಗೂ ಹಳೇಮಗನ ಮನೆಗೂ ಹೆಚ್ಚುಕಮ್ಮಿ ಒಂದೇ ಅಳತೆ ಉಳಿಯುತ್ತದೆ. ಹುಲುಸಾದ ವರ್ಷ ಮಿಕ್ಕಿದ್ದೆಲ್ಲ ಜಮೀನುದಾರನಿಗೆ. ಹಾಗಾಗಿ ಬಡವನಿಗೆ ಇದೊಂದು ವಿಮೆ ಇದ್ದಂತೆ, ಕೆಟ್ಟ ವರ್ಷದಲ್ಲಿ ಸಾಯದಂತೆ ಹಿಡಿದುಕೊಳ್ಳುವ ಹಗ್ಗ.

ಗೆಳೆಯರೇ, ಈ ವಾದವನ್ನು ಸುಮ್ಮನೆ ತಳ್ಳಿಹಾಕಬೇಡಿ. ಹಸಿವು ಬಲ್ಲವರಿಗೆ ಆ ಹಗ್ಗದ ಬೆಲೆ ಗೊತ್ತು. ನಮ್ಮ ಮನೆಯಲ್ಲೇ ಅಜ್ಜಿ ಹೇಳುತ್ತಿದ್ದಳು: “ಕಣದಾಗೆ ಸೆರಗು ಒಡ್ಕಂಡು ನಿಂತ್ಕಬೇಕು ಕಣ್ಮಗಾ. ಅವ್ರು ಹಾಕ್ದಷ್ಟು. ಯಾಕ್ ಬುದ್ದಿ ಕಮ್ಮಿ ಅಂತ ಕೇಳಂಗಿಲ್ಲ. ಆದ್ರೂ ಹಾಕೋರು ಕಣಪ್ಪಾ, ಹಾಕ್ದೆ ಇರ್ತಿರ್ಲಿಲ್ಲ.” ಆ ಕೊನೆಯ ಮಾತಿನಲ್ಲಿ ಅಜ್ಜಿಗೆ ಒಂದು ನೆಮ್ಮದಿ ಇತ್ತು. ನಮಗೆ ಅದನ್ನು ಕೇಳಿ ಹೊಟ್ಟೆ ಉರಿಯುತ್ತಿತ್ತು.

ಆದರೆ ವಿಮೆಯ ಲೆಕ್ಕವನ್ನು ಕಾಲುವೆ ಬಂದ ಮೇಲೆ ಇನ್ನೊಂದು ಸಲ ಹಾಕಬೇಕು. ಲೆಕ್ಕಕ್ಕೆಂದು ಹೇಳುತ್ತೇವೆ: ಹತ್ತು ಪಲ್ಲ ಬೆಳೆಯುವ ಹೊಲದಲ್ಲಿ ಹಳೇಮಗನಿಗೆ ಒಂದು ಪಲ್ಲ ಹೋದರೆ ಹತ್ತರಲ್ಲಿ ಒಂದು ಪಾಲು. ನೀರು ಬಂದು ಅದೇ ಜಮೀನು ನಲವತ್ತು ಪಲ್ಲ ಕೊಟ್ಟಾಗಲೂ ಅವನಿಗೆ ಅದೇ ಒಂದು ಪಲ್ಲ. ಈಗ ನಲವತ್ತರಲ್ಲಿ ಒಂದು. ಕೊಡುವವನು ಒಂದು ಹಿಡಿಯೂ ಕಮ್ಮಿ ಮಾಡಿಲ್ಲ, ನಮ್ಮ ಪಾಲು ಮಾತ್ರ ಕರಗಿಹೋಯಿತು. ಹಿಂದಿನಿಂದ ಬಂದ ಪದ್ಧತಿಯನ್ನು ಚಾಚೂ ತಪ್ಪದೆ ನಡೆಸುತ್ತಲೇ ಹೇಗೆ ದೋಚಬಹುದು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ? ಇನ್ನು ಕಬ್ಬಿಗೆ ಕಣವೇ ಇಲ್ಲ. ರಾಗಿ, ಭತ್ತ ಕಣಕ್ಕೆ ಬರುತ್ತದೆ, ಕಣದಲ್ಲಿ ಸೆರಗು ಒಡ್ಡಬಹುದು. ಕಬ್ಬು ಗದ್ದೆಯಿಂದ ಗಾಡಿಗೆ, ಗಾಡಿಯಿಂದ ಕಾರ್ಖಾನೆಯ ತೂಕದ ಸೇತುವೆಗೆ. ಚೀಟಿ ಒಕ್ಕಲಿಗನ ಹೆಸರಿಗೆ, ಬಟವಾಡೆ ಅವನ ಕೈಗೆ. ಅಲ್ಲಿ ಸೆರಗು ಒಡ್ಡಲು ಜಾಗ ಎಲ್ಲಿದೆ?

ವಿಮೆ ಎಂಬ ಮಾತಿಗೆ ಇನ್ನೊಂದು ಉತ್ತರ ಆಕೆಯ ಪುಸ್ತಕದಲ್ಲೇ ಇದೆ. ಅದನ್ನು ನಾವು ಎಷ್ಟು ಸಲ ಓದಿದ್ದೇವೋ. ವಂಗಲದ ಕೇರಿಯವರು ಒಂದು ನಾಟಕ ಆಡಲು ಹೊರಟರು. ಮಂಡ್ಯ ಸೀಮೆಯ ನಾಟಕದ ಹುಚ್ಚು ನಿಮಗೆ ಗೊತ್ತೇ ಇದೆ. ಊರಿಗೊಂದು ಕುರುಕ್ಷೇತ್ರ, ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ನಾಟಕ ಎಂದ ಮೇಲೆ ರಾಜ ಬೇಕು. ರಾಜ ಎಂದ ಮೇಲೆ ಸಿಂಹಾಸನ ಬೇಕು. ಸಿಂಹಾಸನದ ಮೇಲೆ ಕೇರಿಯವನು ಕೂತರೆ, ನೋಡಲು ಬಂದ ಊರಿನವರು ಕೆಳಗೆ ನೆಲದ ಮೇಲೆ! ಇದಾಗದು ಎಂದರು ಒಕ್ಕಲಿಗರು. ಕೇರಿಯವರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು. ಕಾರ್ಖಾನೆಯ ಮಾಲೀಕ ಗೇಟಿಗೆ ಬೀಗ ಹಾಕಿದ ಹಾಗೆ ಇಡೀ ಊರು ತನ್ನ ಗದ್ದೆಗಳಿಗೆ ಬೀಗ ಹಾಕಿತು.

ತಗಡಿನ ಕಿರೀಟ, ಮರದ ಕುರ್ಚಿ, ಒಂದು ರಾತ್ರಿಯ ಮಾತು. ಅಷ್ಟಕ್ಕೆ ತಲೆತಲಾಂತರದ ವಿಮೆ ರದ್ದಾಯಿತು. ಬರ ಬಂದರೆ ಉಳಿಸುವ ಹಗ್ಗವೇ ಕೇರಿಯವನು ತಲೆ ಎತ್ತಿದರೆ ಕುತ್ತಿಗೆಗೆ ಬೀಳುವ ಹಗ್ಗ. ಇದನ್ನು ಎಪ್‌ಸ್ಟೈನ್ ಹೀಗೆ ಬರೆದಿಲ್ಲ, ಆಕೆ ವಿದ್ವಾಂಸೆ, ತಣ್ಣಗೆ ಬರೆಯುತ್ತಾರೆ. ಆದರೆ ಮುಚ್ಚಿಡಲಿಲ್ಲ. ನೀರಾವರಿಯ ಪುಸ್ತಕದಲ್ಲಿ ಒಂದು ನಾಟಕದ ಗಲಾಟೆಗೆ ಜಾಗ ಕೊಟ್ಟರಲ್ಲ, ಅದಕ್ಕಾಗಿ ನಾವು ಋಣಿಗಳು. ಎಂಜಿನಿಯರುಗಳ ಯಾವ ವರದಿಯಲ್ಲಿ ಇದು ಸಿಕ್ಕೀತು?

ಮಂಡ್ಯದಿಂದ ಹೋದ ಮೇಲೆ ಆಕೆಯ ಬದುಕು ದೂರದೂರಕ್ಕೆ ಹರಿಯಿತು. ಆಫ್ರಿಕಾದ ತಾಮ್ರದ ಗಣಿಗಳ ಕೂಲಿಗಳ ಮೇಲೆ ಬರೆದ ಬಿಲ್ ಎಪ್‌ಸ್ಟೈನ್ ಗಂಡ. ಇಬ್ಬರೂ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯದ ಮೂಲಕ ನ್ಯೂಗಿನಿಯ ದ್ವೀಪಗಳಿಗೆ ಹೋದರು. ಅಲ್ಲಿ ತೊಲಾಯಿ ಎಂಬ ಜನ ಕೋಕೋ ಬೆಳೆದು ಲಾಭ ಮಾಡುತ್ತಿದ್ದರು, ಜೊತೆಗೆ ಕವಡೆಯಂಥ ಚಿಪ್ಪಿನ ಹಣವನ್ನೂ ಬಿಟ್ಟಿರಲಿಲ್ಲ. ಆ ಪುಸ್ತಕ 1968ರದ್ದು. ನಮಗೆ ಬೇಕಾದ ಮಾತೆಂದರೆ, ಮಂಡ್ಯದ ಕಬ್ಬು ನೋಡಿದ ಕಣ್ಣೇ ಅಲ್ಲಿನ ಕೋಕೋ ನೋಡಿದ್ದು. ಹೊಸ ಹಣ ಬಂದಾಗ ಹಳೆಯ ಸಮಾಜ ಏನು ಮಾಡುತ್ತದೆ ಅನ್ನುವ ಒಂದೇ ಪ್ರಶ್ನೆಯನ್ನು ಹೊತ್ತು ಆಕೆ ಎರಡು ಸಮುದ್ರ ದಾಟಿದರು.

1970ರಲ್ಲಿ ಮತ್ತೆ ಮಂಡ್ಯಕ್ಕೆ ಬಂದರು. ಎರಡನೆಯ ಪುಸ್ತಕ 1973ರಲ್ಲಿ, ‘ಸೌತ್ ಇಂಡಿಯಾ: ಎಸ್ಟರ್‌ಡೇ, ಟುಡೇ ಅಂಡ್ ಟುಮಾರೋ’. ಇದರಲ್ಲಿ ತಣ್ಣನೆಯ ದನಿ ಕೊಂಚ ಬಿಸಿಯಾಗಿದೆ. ಹದಿನೈದು ವರ್ಷದಲ್ಲಿ ಉಳ್ಳವರು ಇನ್ನಷ್ಟು ಉಳ್ಳವರಾಗಿದ್ದಾರೆ, ಇಲ್ಲದವರು ಇನ್ನಷ್ಟು ಇಲ್ಲದವರಾಗಿದ್ದಾರೆ ಎಂದು ಆಕೆ ಬರೆದರು. ಹಸಿರು ಕ್ರಾಂತಿ ಎಂದು ದೆಹಲಿಯಲ್ಲಿ ಡೋಲು ಹೊಡೆಯುತ್ತಿದ್ದ ಕಾಲವದು. ಇನ್ನೊಂದು ಬದಲಾವಣೆಯನ್ನೂ ಕಂಡರು. 1954ರಲ್ಲಿ ವಂಗಲದ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. 1970ರ ಹೊತ್ತಿಗೆ ಉಳ್ಳವರ ಮನೆಗಳಲ್ಲಿ ವರದಕ್ಷಿಣೆ ಬಂದು ಕೂತಿತ್ತು. ಗದ್ದೆಗಿಳಿಯದ ಹೆಂಗಸು ಮನೆಗೆ ಗೌರವ ಎಂದಾಯಿತು, ಗದ್ದೆಗಿಳಿಯದ ಹೆಂಗಸು ಮನೆಗೆ ಭಾರ ಎಂದೂ ಆಯಿತು. ಸಕ್ಕರೆಯ ಸೀಮೆಯಲ್ಲಿ ಸೊಸೆಯಂದಿರು ಸೀಮೆಎಣ್ಣೆಯಲ್ಲಿ ಬೆಂದ ಸುದ್ದಿ ಓದುವಾಗಲೆಲ್ಲ ನಮಗೆ ಈ ಪುಟಗಳು ನೆನಪಾಗುತ್ತವೆ.

ಆ ಪುಸ್ತಕ ಬಂದ ವರ್ಷವೇ ಬಸವಲಿಂಗಪ್ಪನವರ ಬೂಸಾ ಮಾತು ರಾಜ್ಯದಲ್ಲಿ ಬೆಂಕಿ ಹೊತ್ತಿಸಿತು, ದಲಿತ ಹುಡುಗರು ಹಾಸ್ಟೆಲುಗಳಿಂದ ಹೊರಗೆ ಬಂದರು. 1974ರಲ್ಲಿ ಭೂಸುಧಾರಣೆ. ಗೇಣಿದಾರನಾಗಿದ್ದವನು ಫಾರಂ 7 ಹಾಕಿದ, ಟ್ರಿಬ್ಯೂನಲ್ಲಿಗೆ ಹೋದ, ಜಮೀನು ಪಡೆದ. ಸಂತೋಷ. ಆದರೆ ಹಳೇಮಗ ಗೇಣಿದಾರನಲ್ಲವಲ್ಲ! ಅವನು ಆಳು. ಮೂರು ತಲೆಮಾರು ಉತ್ತ ಗದ್ದೆಗೆ ಅವನ ಹತ್ತಿರ ಒಂದು ಚೂರು ಕಾಗದವಿಲ್ಲ, ಪಹಣಿಯಲ್ಲಿ ಒಂದು ಗೆರೆಯಿಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿಯ ಕಾನೂನು ಬಂತು. ಹಳೇಮಗ ಜೀತದವನೂ ಅಲ್ಲ ಎಂದರು, ಯಾಕೆಂದರೆ ಸಾಲದ ಪತ್ರವಿಲ್ಲ. ಒಂದು ಕಾನೂನಿಗೆ ಸ್ವತಂತ್ರ, ಇನ್ನೊಂದು ಕಾನೂನಿಗೆ ಆಳು. ಎಪ್‌ಸ್ಟೈನ್ ಕೋಷ್ಟಕಗಳನ್ನು ಈ ಕಾನೂನುಗಳ ಪಕ್ಕ ಇಟ್ಟು ಓದಿದರೆ, ನಮ್ಮವರು ಯಾವ ಸಂದಿಯಲ್ಲಿ ಬಿದ್ದುಹೋದರು ಅನ್ನುವುದು ಕಾಣುತ್ತದೆ.

ಎಪ್ಪತ್ತರ ದಶಕದಿಂದ ಆಕೆ ಇಂಗ್ಲೆಂಡಿನ ಸಸೆಕ್ಸಿನಲ್ಲಿ ಪ್ರೊಫೆಸರು. ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳನ್ನು ಸೇರಿಸಿ ಅವರವರ ದೇಶದ ಹಳ್ಳಿಗಳನ್ನು ಅವರ ಕೈಯಲ್ಲೇ ಬರೆಯಿಸಿದರು. ಏಷ್ಯಾದ ಹಳ್ಳಿ ಹೆಂಗಸರ ದುಡಿಮೆಯ ಮೇಲೆ 1981ರಲ್ಲಿ ಒಂದು ಪುಸ್ತಕ ತಂದರು, ‘ಮುಗಿಯದ ದಿನ’ ಅನ್ನುವ ಅರ್ಥದ ಹೆಸರು ಅದಕ್ಕೆ. 1988ರಲ್ಲಿ ಒಂದು ಕೈಪಿಡಿ ಬರೆದರು. ಒಂದು ಸಂಸ್ಕೃತಿಯವರು ಇನ್ನೊಂದು ಸಂಸ್ಕೃತಿಯವರ ಹತ್ತಿರ ಹೋಗಿ ಯೋಜನೆ ಹೇಳುವ ಮೊದಲು ಹೇಗೆ ಕೇಳಬೇಕು, ಯಾರನ್ನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು ಎಂಬುದರ ಪಾಠ ಅದು. ಅದಕ್ಕೆ ಮಾರ್ಕೆಟ್ ರೀಸರ್ಚ್ ಅಂತ ಸೋಪು ಮಾರುವವರ ಹೆಸರನ್ನು ಇಟ್ಟದ್ದು ನಮಗೆ ಹಿಡಿಸಲಿಲ್ಲ. ಒಳಗಿನ ವಿಚಾರ ಮಾತ್ರ ಗಟ್ಟಿ. ಜೀಪಿನಲ್ಲಿ ಬಂದ ಅಧಿಕಾರಿ ಊರ ಗೌಡರ ಜಗಲಿಯಲ್ಲಿ ಕೂತು ಹಾಲು ಕುಡಿದು, ಊರಿನವರೆಲ್ಲ ಒಪ್ಪಿದ್ದಾರೆ ಎಂದು ಬರೆದುಕೊಂಡು ಹೋಗುತ್ತಾನಲ್ಲ, ಆ ಬರವಣಿಗೆಗೆ ಎದುರಾಗಿ ನಿಲ್ಲುವ ಪಾಠ ಅದು.

ಇದೇ ಪಾಠವನ್ನು ಆಕೆಯ ಪುಸ್ತಕಕ್ಕೂ ಹಚ್ಚಿ ನೋಡಬೇಕು. ಹೊರಗಿನಿಂದ ಬಂದವರಿಗೆ ಊರಿನ ಬಾಗಿಲು ತೆರೆಯುವುದು ಊರಿನ ಕಡೆಯಿಂದ, ಕೇರಿಯ ಕಡೆಯಿಂದಲ್ಲ. ಮಾತು ತಿಳಿಸುವವರು ಓದಿದವರಾಗಿರಬೇಕು, 1954ರಲ್ಲಿ ಇಂಗ್ಲಿಷು ಓದಿದವರು ಯಾವ ಬೀದಿಯವರಾಗಿದ್ದರು? ‘ಬುದ್ದೀ’ ಎನ್ನುವ ಸಂಬೋಧನೆಯೊಳಗಿನ ಭಯ ಇಂಗ್ಲಿಷಿಗೆ ಹೋಗುವಾಗ ಏನಾಗುತ್ತದೆ? ಹಳೇಮಗನನ್ನು ‘ನಿನಗೆ ಇದು ಸಮ್ಮತವೇ’ ಎಂದು ಕೇಳಿದರೆ, ಪಕ್ಕದಲ್ಲಿ ಒಕ್ಕಲು ಮನೆಯವನು ಬೀಡಿ ಸೇದುತ್ತಾ ನಿಂತಿದ್ದರೆ, ಅವನು ಏನು ಹೇಳಿಯಾನು? ಕೇರಿಯ ನೆಮ್ಮದಿ ಎಂದು ಕೋಷ್ಟಕದಲ್ಲಿ ಕಾಣುವುದರಲ್ಲಿ ಎಷ್ಟು ಪಾಲು ಮೌನ ಅಂತ ಅಳೆಯುವ ಕೊಳಗ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಕೇರಿ ನಿಜವಾಗಿ ಏನು ಹೇಳಬೇಕೆಂದಿತ್ತೋ ಅದನ್ನು ನಾಟಕದಲ್ಲಿ ಹೇಳಿತು. ಊರಿನವರಿಗೆ ಅದು ದುಭಾಷಿಯೇ ಇಲ್ಲದೆ ಅರ್ಥವಾಯಿತು.

ತೊಂಬತ್ತರ ದಶಕದಲ್ಲಿ ಮೂರನೆಯ ಸುತ್ತು. 1998ರಲ್ಲಿ ‘ವಿಲೇಜ್ ವಾಯ್ಸಸ್’ ಬಂತು, ನಲವತ್ತು ವರ್ಷದ ಹಳ್ಳಿಯ ಕಥೆ. ಈ ಸಲ ಆಕೆಯ ಹೆಸರಿನ ಜೊತೆ ಎ. ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಎಂಬ ಇನ್ನೆರಡು ಹೆಸರುಗಳು ಮುಖಪುಟದ ಮೇಲೆ ಬಂದವು. ಹೊರಗಿನವರು ಬರೆಯುವುದು, ಒಳಗಿನವರು ಮಾಹಿತಿ ಕೊಡುವುದು ಎಂಬ ಹಳೆಯ ಕಟ್ಟುಪಾಡು ಅಷ್ಟರಮಟ್ಟಿಗೆ ಮುರಿಯಿತು. ಹಟ್ಟಿಯ ಕಡೆಯಿಂದ ಒಂದು ಹೆಸರು ಆ ಮುಖಪುಟಕ್ಕೆ ಬಂದಿದ್ದರೆ ಎಂದು ನಾವು ಆಸೆಪಟ್ಟರೆ ತಪ್ಪಿಲ್ಲ.

2004ರಲ್ಲಿ ಇಂಗ್ಲೆಂಡಿನ ರಾಣಿಯ ಸರ್ಕಾರ ಆಕೆಗೆ ಓ.ಬಿ.ಇ. ಬಿರುದು ಕೊಟ್ಟಿತು. ಅದರಲ್ಲಿ ‘ಎಂಪೈರ್’ ಅನ್ನುವ ಶಬ್ದ ಇವತ್ತಿಗೂ ಉಳಿದಿದೆ, ನಮ್ಮ ನಾಲೆಯ ಮೇಲಿಂದ ಇರ್ವಿನ್ ಹೆಸರು ಹೋಗಿ ಎಷ್ಟೋ ಕಾಲವಾಗಿದ್ದರೂ. 2005ರಲ್ಲಿ ಆತ್ಮಕಥೆ ಬರೆದರು, ಹೆಸರು ‘ಸ್ವಿಮಿಂಗ್ ಅಪ್‌ಸ್ಟ್ರೀಮ್’. ಹೊಳೆಗೆ ಎದುರಾಗಿ ಈಜುವುದು. 2014ರಲ್ಲಿ ತೀರಿಕೊಂಡರು, ತೊಂಬತ್ತು ದಾಟಿತ್ತು.

ಈ ಪುಸ್ತಕಗಳನ್ನು ನಾವು ಓದಿದ್ದು ಇಂಗ್ಲಿಷಿನಲ್ಲಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು. ಎಪ್‌ಸ್ಟೈನ್ ನೋಡಿದ ಊರುಗಳು ಮಂಡ್ಯದ ಮಗ್ಗುಲಿನವು, ನೀರು ಮೊದಲು ಮುಟ್ಟುವ ಕಡೆಯವು. ಮದ್ದೂರು, ಮಳವಳ್ಳಿಯ ಕೊನೇ ಭಾಗದ ಊರುಗಳ ಕಥೆ ಇನ್ನೂ ಬೇರೆ. ಅಲ್ಲಿ ನಾಲೆ ಇದೆ, ನೀರಿಗಾಗಿ ರಸ್ತೆಗೆ ಕಲ್ಲು ಹಾಕಿ ಕೂರಬೇಕು. 1902ರಿಂದ ಮಳವಳ್ಳಿಯ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು, ತಂತಿಯ ಕೆಳಗಿನ ಕೇರಿಗಳಲ್ಲಿ ಬುಡ್ಡಿದೀಪ. ಆ ಕಡೆಯ ಮೇಷ್ಟ್ರುಗಳು, ಕಾಲೇಜಿನ ಹುಡುಗ ಹುಡುಗಿಯರು ದಯವಿಟ್ಟು ಒಂದು ಕೆಲಸ ಮಾಡಿ. ನಿಮ್ಮ ಕೇರಿಯಲ್ಲಿ ಕಣದ ಪಾಲು ಎಷ್ಟಿತ್ತು, ಯಾವ ಅಳತೆಯಲ್ಲಿ ಕೊಡುತ್ತಿದ್ದರು, ಕಬ್ಬು ಬಂದ ಮೇಲೆ ಏನಾಯಿತು, ಹಳೇಮಗನ ನಂಟು ಯಾವ ವರ್ಷ, ಯಾವ ಜಗಳಕ್ಕೆ ಕಡಿಯಿತು ಅನ್ನುವುದನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. ನಾಟಕ ಆಡಿದ್ದರೆ ಅದನ್ನೂ, ರಾಜನ ಪಾರ್ಟು ಯಾರು ಮಾಡಿದ್ದರು ಅನ್ನುವುದನ್ನೂ. ಕಾಗದದ ಒಂದೇ ಮಗ್ಗುಲಿಗೆ ಬರೆದು ಕಳಿಸಿ, ಈ ಪುಟಗಳಲ್ಲಿ ಹಾಕುತ್ತೇವೆ.